ಬೀಗ ಹಾಕುವ ಮುನ್ನ ಮನಸ್ಸು ನೋಡಿ

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಬಾಲಕರ ಸಣ್ಣ ಜಗಳ ಚಾಕು ಇರಿತಕ್ಕೆ ಹೋಗಿ ಒಂದು ಜೀವ ಹೋಯಿತು. ಇಂಥ ಸುದ್ದಿ ಬಂದಾಗಲೆಲ್ಲ ಹಾವೇರಿಯ ಚಹಾದಂಗಡಿಯಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರೆಗೆ ಏಳುವ ಮಾತು ಒಂದೇ: ‘ಒಳಗ ಹಾಕ್ರಿ, ಬುದ್ಧಿ ಬರತೈತಿ.’ ಮಗನನ್ನು ಕಳೆದುಕೊಂಡ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೂಡಿಹಾಕಿದರೆ ಬುದ್ಧಿ ಬರುತ್ತದೆ ಎಂಬ ನಂಬಿಕೆ ತಪ್ಪು.

2015ರ ಬಾಲನ್ಯಾಯ ಕಾಯ್ದೆಯೇ ಮಕ್ಕಳನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎನ್ನುತ್ತದೆ. ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣಾಧಿಕಾರಿಯ ನಿಗಾ, ವ್ಯಸನಮುಕ್ತಿ ಚಿಕಿತ್ಸೆ ಇವೆಲ್ಲಕ್ಕೂ ಬಾಲನ್ಯಾಯ ಮಂಡಳಿ ಆದೇಶಿಸಬಹುದು. 16ರಿಂದ 18 ವರ್ಷದೊಳಗಿನವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಅವರ ಮನಃಸ್ಥಿತಿಯ ಪ್ರಾಥಮಿಕ ಮೌಲ್ಯಮಾಪನ ಆಗಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈ ಸೀಮೆಯ ಮಕ್ಕಳ ಬದುಕನ್ನೂ ನೋಡಬೇಕು. ಹಾವೇರಿ ರೈತರ ಆತ್ಮಹತ್ಯೆಗಳನ್ನು ಕಂಡ ಜಿಲ್ಲೆ. ಅಪ್ಪ ಹೋದ ಮನೆಯಲ್ಲಿ ಸಾಲ ಉಳಿಯುತ್ತದೆ. ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಇಲ್ಲವೇ ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ. ಶಾಲೆ ಬಿಟ್ಟ ಹುಡುಗನ ದುಃಖವನ್ನು ಯಾರೂ ಕೇಳುವುದಿಲ್ಲ. ಅದು ಸಿಟ್ಟಾಗಿ ಹೊರಬಿದ್ದ ದಿನ ಮಾತ್ರ ಪೊಲೀಸರು ಬರುತ್ತಾರೆ.

‘ಹಾಗಾದರೆ ತಪ್ಪು ಮಾಡಿದವನನ್ನು ಬಿಟ್ಟುಬಿಡುವುದೇ?’ ಎಂದು ಕೇಳುವವರಿದ್ದಾರೆ. ಚಿಕಿತ್ಸೆ ಎಂದರೆ ಬಿಡುಗಡೆಯಲ್ಲ. ವಾರವಾರ ಬಂದು, ಮಾಡಿದ್ದನ್ನು ಬಾಯಿಬಿಟ್ಟು ಒಪ್ಪಿ, ಅದರ ನೋವನ್ನು ಅರಿಯುವುದು ಗೋಡೆಯ ಹಿಂದೆ ದಿನ ಎಣಿಸುವುದಕ್ಕಿಂತ ಕಠಿಣ. ತಪ್ಪು ಮಾಡಿದ ಮಕ್ಕಳನ್ನು ಇರಿಸುವ ವಿಶೇಷ ಗೃಹದ ಅವಧಿಯೂ ಮೂರು ವರ್ಷ ಮೀರುವಂತಿಲ್ಲ. ಆಮೇಲೆ ಆ ಹುಡುಗ ಬರುವುದು ನಮ್ಮ ಓಣಿಗೇ. ಹೇಗಾಗಿ ಬರಬೇಕು ಎಂಬುದೇ ಪ್ರಶ್ನೆ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ರಾಣೆಬೆನ್ನೂರಿನಿಂದ ನೂರು ಕಿಲೋಮೀಟರಿಗೂ ದೂರ. ಕೂಲಿ ಬಿಟ್ಟು ಅಲ್ಲಿಗೆ ತಿರುಗುವುದು ಬಡವರಿಗೆ ಆಗದ ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಚಿಕಿತ್ಸೆ ನೀಡಲೆಂದು ಸರ್ಕಾರ 2014ರಲ್ಲೇ ‘ಮನೋಚೈತನ್ಯ’ ಯೋಜನೆ ತಂದಿದೆ. ಬಾಲನ್ಯಾಯ ಮಂಡಳಿಯ ಪ್ರತಿ ಪ್ರಕರಣವನ್ನೂ ಅದಕ್ಕೆ ಜೋಡಿಸಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರುಗಳಲ್ಲಿ ಮಕ್ಕಳಿಗೆಂದೇ ಕಾಯಂ ಆಪ್ತ ಸಮಾಲೋಚಕರಿರಲಿ. ತಾಯಿಯ ಬಸ್ ಖರ್ಚನ್ನು ಜಿಲ್ಲಾಡಳಿತ ಭರಿಸಲಿ. ಕಾನೂನು ಬಾಗಿಲು ತೆರೆದಿಟ್ಟಿದೆ. ಇನ್ನು ಹಣ ಕೊಡಬೇಕು, ಜನರನ್ನು ನೇಮಿಸಬೇಕು. ಅಷ್ಟನ್ನೂ ಮಾಡದ ಸರ್ಕಾರಕ್ಕೆ ಮಕ್ಕಳನ್ನು ಕೂಡಿಹಾಕುವ ನೈತಿಕ ಹಕ್ಕಿಲ್ಲ.