ಹಳೆಯ ಕಾರಿನ ಹೀಟರು ಮತ್ತು ಗಾಜಿನ ಮಂಜು

ಕೋಲಾರದ ಸೀಮೆಯಲ್ಲಿ ಕಾರಿಗೆ ಹೀಟರ್ ಏತಕ್ಕೆ ಎಂದು ಕೇಳುವವರೇ ಹೆಚ್ಚು. ಬಿಸಿಲಿಗೆ ಹೆಸರಾದ ಬಯಲುನಾಡಿನವರಾದ ನಮಗೆ ಹಾಗೆನ್ನಿಸುವುದು ಸಹಜವೇ ಸರಿ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ನಮ್ಮ ಮನೆಯ ಹಳೆಯ ಮಾರುತಿ 800 ಕಾರಿನಲ್ಲಿ ಬಿಸಿಗಾಳಿಗೆಂದು ಇದ್ದ ಹಿಡಿಕೆಗಳನ್ನು ಅಲಂಕಾರವೆಂದು ಬಗೆದು, ವರ್ಷಗಟ್ಟಲೆ ಅವುಗಳ ಗೊಡವೆಗೇ ಹೋಗಿರಲಿಲ್ಲ. ಆ ಉದಾಸೀನದ ಫಲವನ್ನು ಒಂದು ಬೆಳಗಿನ ಜಾವ ಕಣ್ಣಾರೆ ಕಂಡ ಮೇಲೆ, ಓದುಗ ಬಂಧುಗಳಿಗೂ ತಿಳಿಸಬೇಕೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಸಂಕ್ರಾಂತಿ ಕಳೆದಿತ್ತು. ಮುಳಬಾಗಿಲಿನ ಕಡೆಯ ಹಳ್ಳಿಯೊಂದರಲ್ಲಿ ಬಂಧುಗಳ ಗೃಹಪ್ರವೇಶ. ಬೆಳಗಿನ ಐದು ಗಂಟೆಗೆ ಕೋಲಾರದಿಂದ ಐದು ಜನ ಹೊರಟೆವು. ಕಾರು ನಡೆಸುತ್ತಿದ್ದವನು ನಮ್ಮ ತಮ್ಮನ ಮಗ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಈ ನೆಲದಲ್ಲಿ ಆ ದಿನಗಳ ನಸುಕಿನ ಚಳಿ ಸಾಮಾನ್ಯವಾದುದಲ್ಲ. ಗಾಳಿ ಒಳನುಗ್ಗದಿರಲೆಂದು ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಗೆ ತಿರುಗುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದಲೇ ಬೆಳ್ಳಗಾಯಿತು. "ದೊಡ್ಡಪ್ಪ, ಸ್ವಲ್ಪ ಗಾಜು ಒರೆಸ್ತೀರಾ?" ಎಂದ ಹುಡುಗ. ಹೆಗಲ ಮೇಲಿನ ವಸ್ತ್ರದಿಂದ ಒರೆಸಿದೆವು. ಒರೆಸಿದ ಕಡೆ ಗೆರೆಗೆರೆಯಾಗಿ, ಎರಡೇ ನಿಮಿಷದಲ್ಲಿ ಮತ್ತೆ ಮುಸುಕಿತು. ಅಷ್ಟರಲ್ಲಿ ಹುಡುಗ ಬ್ರೇಕನ್ನು ಬಲವಾಗಿ ಒತ್ತಿದ. ಮುಂದೆ ಎರಡು ಮಾರು ದೂರದಲ್ಲಿ, ಡೇರಿಗೆ ಹಾಲು ಒಯ್ಯುತ್ತಿದ್ದ ಮುದುಕರೊಬ್ಬರು ಬೆದರಿ ಸೈಕಲ್ಲಿನಿಂದ ಇಳಿದಿದ್ದರು. ಕ್ಯಾನು ಉರುಳಿ ಹಾಲು ರಸ್ತೆಯ ಪಾಲಾಗಿತ್ತು. ಅವರಿಗೆ ಪೆಟ್ಟಾಗಲಿಲ್ಲ. ಹಾಲಿನ ಬೆಲೆ ಕೊಟ್ಟೆವು. ಆದರೆ ಅವರು ಕೇಳಿದ "ಕಣ್ಣು ಕಾಣಲಿಲ್ಲವಾ ಸ್ವಾಮಿ?" ಎಂಬ ಒಂದು ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನವೇ ಪರಿಚಯದ ವೃದ್ಧ ಮೆಕ್ಯಾನಿಕ್ ಒಬ್ಬರ ಬಳಿ ಕಾರನ್ನು ಒಯ್ದೆವು. ಅವರು ಮೊದಲು ವಿವರಿಸಿದುದು ಮಂಜಿನ ಕಾರಣವನ್ನು. ಐದು ಜನರ ಉಸಿರಿನ ತೇವ ಮುಚ್ಚಿದ ಕಾರಿನೊಳಗೆ ತುಂಬಿಕೊಳ್ಳುತ್ತದೆ. ಹೊರಗಿನ ಚಳಿಯಿಂದ ತಣ್ಣಗಾದ ಗಾಜಿಗೆ ಅದು ತಗುಲಿ ಹನಿಯಾಗುತ್ತದೆ. ಒರೆಸಿದರೆ ಹನಿ ಹೋದೀತು, ತೇವ ಹೋಗದು. ಹೊರಗಿನ ಗಾಳಿಯನ್ನು ಒಳತಂದು, ಬಿಸಿಮಾಡಿ, ಗಾಜಿನ ಮೇಲೆ ಹಾಯಿಸಿದರೆ ಮಾತ್ರ ಮಂಜು ನಿಲ್ಲದೆ ಹೋಗುತ್ತದೆ. ಏಕೆಂದರೆ ಬಿಸಿಯಾದ ಗಾಳಿಗೆ ತೇವವನ್ನು ಹೀರುವ ಶಕ್ತಿ ಹೆಚ್ಚು. ಹೀಗಾಗಿ ನಮ್ಮ ಸೀಮೆಯಲ್ಲಿ ಹೀಟರು ಮೈಗೆ ಬೇಡವಾದರೂ ಕಣ್ಣಿಗೆ ಬೇಕು.

ಈ ಬಿಸಿಗೆ ಬೇರೆ ಇಂಧನದ ಖರ್ಚಿಲ್ಲ. ಎಂಜಿನ್ನನ್ನು ತಣಿಸಿ ಬಂದ ಬಿಸಿನೀರಿನಲ್ಲಿ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ. ಅದರ ಮೂಲಕ ಬ್ಲೋಯರು ಗಾಳಿ ಊದುತ್ತದೆ. ಹಿಡಿಕೆಗಳಲ್ಲಿ ಒಂದು ಬಿಸಿಯನ್ನು ಹೆಚ್ಚು ಕಡಿಮೆ ಮಾಡಲು, ಒಂದು ಗಾಳಿಯನ್ನು ಗಾಜಿಗೋ ಮುಖಕ್ಕೋ ಕಾಲಿಗೋ ತಿರುಗಿಸಲು, ಮತ್ತೊಂದು ಹೊರಗಾಳಿಯೋ ಒಳಗಾಳಿಯೋ ಎಂಬುದನ್ನು ಆರಿಸಲು. ಹಳೆಯ ಕಾರುಗಳಲ್ಲಿ ಪ್ರತಿ ಹಿಡಿಕೆಯ ಹಿಂದೆಯೂ ಒಂದು ತಂತಿಯ ಕೇಬಲ್. ಕೇಬಲಿನ ಕೊನೆಯಲ್ಲಿ ಒಂದು ಗಾಳಿಯ ಬಾಗಿಲೋ ನೀರಿನ ವಾಲ್ವೋ ಇರುತ್ತದೆ. "ಹಿಡಿಕೆ ಸರಿದರೆ ಸಾಲದು ಸ್ವಾಮಿ, ಅದರ ಕೊನೆ ಸರಿಯಬೇಕು" ಎಂದರು ಆ ಹಿರಿಯರು.

ನಮ್ಮ ಕಾರಿನಲ್ಲಿ ಮೂರು ದೋಷಗಳು ಸಿಕ್ಕವು. ನೀರಿನ ವಾಲ್ವಿನ ಬಳಿ ಕೇಬಲಿನ ಕ್ಲಿಪ್ಪು ಕಳಚಿ, ಹಿಡಿಕೆ ಸುಮ್ಮನೆ ಸರಿದಾಡುತ್ತಿತ್ತು. ಎರಡನೆಯದು ನಮ್ಮದೇ ತಪ್ಪು: ಎಂದೋ ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆಯಿಂದ ತಪ್ಪಿಸಿಕೊಳ್ಳಲು ಹೊರಗಾಳಿಯನ್ನು ಮುಚ್ಚಿದ್ದ ಹಿಡಿಕೆಯನ್ನು ಮತ್ತೆ ತೆರೆದೇ ಇರಲಿಲ್ಲ. ನಮ್ಮ ಉಸಿರೇ ಸುತ್ತಿ ಸುತ್ತಿ ಗಾಜಿಗೆ ಬರುತ್ತಿತ್ತು. ಮೂರನೆಯದು, ಶ್ರೀನಿವಾಸಪುರದ ಬೀಗರ ಮಾವಿನ ತೋಪಿನಲ್ಲಿ ಕಾರು ನಿಲ್ಲಿಸುತ್ತಿದ್ದುದರ ಫಲ: ವೈಪರುಗಳ ಬುಡದ ಜಾಲರಿಯಲ್ಲಿ ತರಗೆಲೆ ತುಂಬಿ, ಗಾಳಿ ಬರುವ ದಾರಿಯೇ ಕಟ್ಟಿಹೋಗಿತ್ತು. ಮೂರಕ್ಕೂ ಹೊಸ ಸಾಮಾನು ಬೇಕಾಗಲಿಲ್ಲ.

ಇಂಥ ಕಾರುಳ್ಳವರು ಪರೀಕ್ಷೆಯನ್ನು ಹೀಗೆ ಕ್ರಮವಾಗಿ ಮಾಡುವುದು ಲೇಸು.

ಮೊದಲು, ಎಂಜಿನ್ ಪೂರ್ಣ ತಣ್ಣಗಿರುವಾಗ ರೇಡಿಯೇಟರಿನ ನೀರನ್ನು ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ನೀರು ಕಡಿಮೆಯಿದ್ದರೆ ಹೀಟರಿಗೆ ಬಿಸಿ ತಲುಪದು. ನೀರು ತುಂಬಿದ ಮೇಲೂ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ತಲುಪದು.

ಎರಡನೆಯದಾಗಿ, ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೂ ಉಷ್ಣತೆಯ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಇಲ್ಲವೆ ಯಾರೋ ಅದನ್ನು ಕಿತ್ತಿದ್ದಾರೆ ಎಂದು ಶಂಕಿಸಬೇಕು. ಬಿಸಿಲಿನ ಸೀಮೆಗೆ ಬೇಡವೆಂದು ಅದನ್ನು ತೆಗೆದುಹಾಕುವ ರೂಢಿ ಹಿಂದಿನಿಂದ ಇದೆ. ಅದರಿಂದ ಹೀಟರೂ ಕೆಡುತ್ತದೆ, ಪೆಟ್ರೋಲೂ ಹೆಚ್ಚು ಹೋಗುತ್ತದೆ.

ಮೂರನೆಯದಾಗಿ, ಹಿಡಿಕೆಯನ್ನು ಪೂರ್ಣ ಬಿಸಿಗೆ ಸರಿಸಿ, ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಹೀಟರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಜೋಪಾನವಾಗಿ ಮುಟ್ಟಿ ನೋಡಬೇಕು. ಫ್ಯಾನು ತಾನೇ ತಿರುಗೀತು, ಕೈಯನ್ನು ದೂರವಿಡಬೇಕು. ಎರಡೂ ಬಿಸಿಯಿದ್ದರೆ ದೋಷವು ಗಾಳಿಯ ಬಾಗಿಲಲ್ಲೋ ಬ್ಲೋಯರಿನಲ್ಲೋ ಇದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ವಾಲ್ವು ತೆರೆದಿಲ್ಲ, ಇಲ್ಲವೆ ಒಳಗೆ ಕಸ ಕಟ್ಟಿದೆ. ಎರಡೂ ತಣ್ಣಗಿದ್ದರೆ ಬಿಸಿನೀರೇ ಅಲ್ಲಿಗೆ ಬರುತ್ತಿಲ್ಲ.

ನಾಲ್ಕನೆಯದು ಹಿಡಿಕೆ. ತೀರ ಹಗುರವಾಗಿ ಸರಿದರೆ ಕೇಬಲ್ ಕಳಚಿದೆ. ತೀರ ಬಿಗಿಯಾಗಿದ್ದರೆ ತುಕ್ಕು ಹಿಡಿದಿದೆ ಅಥವಾ ಕೇಬಲ್ ಮಡಚಿದೆ. ಬಲ ಹಾಕಿದರೆ ಪ್ಲಾಸ್ಟಿಕ್ ಮುರಿಯುತ್ತದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014 ರಲ್ಲಿ ನಿಂತಿರುವುದರಿಂದ ಇಂಥ ಸಣ್ಣ ಭಾಗಗಳನ್ನು ಕಾಪಾಡಿಕೊಳ್ಳುವುದೇ ಮೇಲು.

ಬ್ಲೋಯರು ತಿರುಗದಿದ್ದರೆ ಮೊದಲು ಫ್ಯೂಸನ್ನು ನೋಡಬೇಕು. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ. ಎಲ್ಲ ವೇಗಗಳೂ ಸತ್ತು ಕೊನೆಯ ವೇಗವೊಂದೇ ಉಳಿದಿದ್ದರೆ, ಕೆಟ್ಟಿರುವುದು ಬಹುಪಾಲು ರೆಸಿಸ್ಟರ್ ಎಂಬ ಪುಟ್ಟ ಭಾಗ, ಮೋಟಾರನ್ನೇ ಬದಲಿಸಬೇಕಾಗಿಲ್ಲ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಹೀಟರ್ ಹಾಕಿದಾಗ ಸಿಹಿಯಾದ ವಾಸನೆ ಬಂದು, ಗಾಜಿಗೆ ಎಣ್ಣೆಯಂತಹ ಪೊರೆ ಕೂತು, ಕಾಲಡಿಯ ಹಾಸು ಒದ್ದೆಯಾದರೆ ಒಳಗಿನ ಪುಟ್ಟ ರೇಡಿಯೇಟರು ಸೋರುತ್ತಿದೆ. ಅದನ್ನು ತಡಮಾಡದೆ ತೋರಿಸಬೇಕು. ಹೊಗೆಯ ವಾಸನೆ ಬಂದರೆ ಕಿಟಕಿ ತೆರೆದು ಕಾರು ನಿಲ್ಲಿಸಿ ಎಲ್ಲರೂ ಕೆಳಗಿಳಿಯಬೇಕು. ಸೈಲೆನ್ಸರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಯಾತ್ರೆಗೆ ಹೋದಾಗ ಚಳಿಯೆಂದು ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಕಾರಿನಲ್ಲಿ ಮಲಗುವುದು ಪ್ರಾಣಕ್ಕೇ ಅಪಾಯ.

ನಡುದಾರಿಯಲ್ಲಿ ಗಾಜು ಮುಸುಕಿ, ಹೀಟರು ಕೈಕೊಟ್ಟರೆ ಹೊರಗಾಳಿಯ ಹಿಡಿಕೆ ತೆರೆದು, ಎರಡು ಬದಿಯ ಕಿಟಕಿಗಳನ್ನು ನಾಲ್ಕು ಬೆರಳಷ್ಟು ಇಳಿಸಬೇಕು. ಏರ್‌ಕಂಡೀಷನ್ ಇದ್ದರೆ ಹಾಕಬಹುದು. ಅದೂ ತೇವವನ್ನು ಹಿಂಡುತ್ತದೆ. ಆದರೂ ಕಾಣದಿದ್ದರೆ ರಸ್ತೆಯ ಬದಿಗೆ ನಿಲ್ಲುವುದೊಂದೇ ಧರ್ಮ. ಗೃಹಪ್ರವೇಶದ ಮುಹೂರ್ತ ಮೀರಿದರೆ ಮೀರಲಿ.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಆ ಹಿಡಿಕೆಗಳನ್ನೆಲ್ಲ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸರಿಸಿ, ಜಾಲರಿಯ ಎಲೆ ತೆಗೆದು, ಗಾಜನ್ನು ಒಳಗಿನಿಂದ ತೊಳೆದು ಒರೆಸುವ ಪದ್ಧತಿ ಬಂದಿದೆ. ಕಾಲು ಗಂಟೆಯ ಕೆಲಸ. ಆ ಮುದುಕರು ಈಗಲೂ ಅದೇ ದಾರಿಯಲ್ಲಿ ಹಾಲು ಒಯ್ಯುತ್ತಿರಬಹುದು. ಮತ್ತೊಮ್ಮೆ ಎದುರಾದರೆ ಅವರು ನಮಗೆ ದೂರದಿಂದಲೇ ಕಾಣಬೇಕು.