ವರ್ಗಾವಣೆಯ ಆದೇಶ ಮತ್ತು ಸೇವಾ ಪುಸ್ತಕ

ಮುನಿರ್ಕಾದಲ್ಲಿ ನೆಲೆಸಿರುವ ನಮ್ಮಂತಹ ಕೇಂದ್ರ ಸರಕಾರಿ ನೌಕರರಿಗೆ ಊರಿನ ದಾಖಲೆಗಳು ಈಗ ಜಾಲತಾಣಗಳ ಮೂಲಕವೇ ದೊರೆಯಬೇಕು. ಆದರೆ ಹಲವು ತಾಣಗಳಲ್ಲಿ ಮೊದಲ ಪುಟದಲ್ಲಿ ‘ಕನ್ನಡ’ವನ್ನು ಆರಿಸಿದರೂ ಮೂರನೆಯ ಪುಟದಲ್ಲಿ ಇಂಗ್ಲಿಷು ಮರಳಿರುತ್ತದೆ, ಅರ್ಧ ತುಂಬಿದ ಅರ್ಜಿ ಪುಟವನ್ನು ಮತ್ತೆ ತೆರೆದೊಡನೆ ಬರಿದಾಗುತ್ತದೆ. ನಾವು ಇದನ್ನು ಭಾಷೆಯ ಅನಾದರವೆಂದು ದೂರುತ್ತೇವೆ. ದೋಷದ ಬಹುಪಾಲು ತಂತ್ರಾಂಶದ ರಚನೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಜಾಲದ ಮೂಲನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ; ಪ್ರತಿಯೊಂದು ಕೋರಿಕೆಯೂ ಅದಕ್ಕೆ ಹೊಸತು. ಈ ಕೊರತೆ ನೀಗಲೆಂದೇ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ‘ಕುಕಿ’ಯನ್ನು ರೂಪಿಸಿದರು. ಇಂದಿನ ರಿಯಾಕ್ಟ್, ಬ್ಲೇಜರ್ ಮುಂತಾದ ಚೌಕಟ್ಟುಗಳು ಪುಟವನ್ನು ಸಣ್ಣ ಘಟಕಗಳಾಗಿ ಕಟ್ಟುತ್ತವೆ. ಇವುಗಳ ವ್ಯವಹಾರ ನಮ್ಮ ಕಚೇರಿಯದನ್ನೇ ಹೋಲುತ್ತದೆ. ಮೇಲಿನ ಘಟಕ ಕೆಳಗಿನದಕ್ಕೆ ಕೊಡುವ ಪ್ಯಾರಾಮೀಟರು ವರ್ಗಾವಣೆಯ ಆದೇಶದಂತೆ: ಪಡೆದವನು ಅದನ್ನು ತಿದ್ದಲಾಗದು, ತಿದ್ದಿದರೂ ಮುಂದಿನ ಆದೇಶ ಅದನ್ನು ಅಳಿಸುತ್ತದೆ. ಘಟಕದ ಸ್ವಂತ ಸ್ಥಿತಿ ಮೇಜಿನ ಮೇಲಿನ ಟಿಪ್ಪಣಿಯಂತೆ: ಕುರ್ಚಿ ಬಿಟ್ಟೊಡನೆ ಕಸದ ಬುಟ್ಟಿಗೆ. ಬೆಂಗಳೂರಿನಿಂದ ದೆಹಲಿಗೂ ಹಿಂಬಾಲಿಸಿ ಬರುವುದು ಸೇವಾ ಪುಸ್ತಕ ಮಾತ್ರ. ಅದೇ ಶಾಶ್ವತ ಸ್ಥಿತಿ.

ಬ್ಲೇಜರ್‌ನಲ್ಲಿ ಪುಟವು ಮೊದಲು ಸರ್ವರಿನಲ್ಲಿ, ಆಮೇಲೆ ಓದುಗನ ಮುಂದೆ ಸಕ್ರಿಯವಾಗುವಾಗ, ಹೀಗೆ ಎರಡು ಬಾರಿ ಸಿದ್ಧವಾಗಬಹುದು. ಮೊದಲ ಬಾರಿ ತಂದ ಮಾಹಿತಿಯನ್ನು ಎರಡನೆಯದಕ್ಕೆ ಒಪ್ಪಿಸದಿದ್ದರೆ ಅದು ಹೋದಂತೆಯೇ. ಇದಕ್ಕೆಂದೇ 2021ರ ಡಾಟ್‌ನೆಟ್ 6ರಲ್ಲಿ ಪ್ರತ್ಯೇಕ ಸೌಲಭ್ಯ ಬಂತು.

ಭಾಷೆಯ ಆಯ್ಕೆಯನ್ನು ಪುಟದಿಂದ ಪುಟಕ್ಕೆ ಆದೇಶದಂತೆ ದಾಟಿಸಿದರೆ, ನಡುವೆ ಒಂದು ಕೊಂಡಿ ಮರೆತರೂ ಕನ್ನಡ ಕಳೆದುಹೋಗುತ್ತದೆ. ಅದನ್ನು ಸೇವಾ ಪುಸ್ತಕದಲ್ಲಿ ಬರೆಯಬೇಕು: ಕುಕಿಯಲ್ಲಿ, ಖಾತೆಯುಳ್ಳವರಿಗೆ ದತ್ತಕೋಶದಲ್ಲಿ. ಅರ್ಧ ತುಂಬಿದ ಅರ್ಜಿಯ ಕರಡು ಸರ್ವರಿನಲ್ಲಿರಲಿ. ಹಾಗೆಂದು ಎಲ್ಲವನ್ನೂ ಎಲ್ಲೆಂದರಲ್ಲಿ ಉಳಿಸಬಾರದು. ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಸುವವರ ಆಧಾರ್ ಸಂಖ್ಯೆ ಆ ಬ್ರೌಸರಿನಲ್ಲೇ ಉಳಿದರೆ ಮುಂದಿನ ಗಿರಾಕಿಯ ಕಣ್ಣಿಗೂ ಬಿದ್ದೀತು.

ಅನುವಾದಕ್ಕೆ ಹಣ ವ್ಯಯಿಸಿದ ಮೇಲೂ ಆಯ್ಕೆ ನಿಲ್ಲದಿದ್ದರೆ ಆ ಅನುವಾದವನ್ನು ಓದುವವರಾರು? ಸಮೀಪದ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಂತಹ ಸಂಸ್ಥೆಗಳು ‘ಕನ್ನಡ ಬೇಕು’ ಎಂಬ ಮನವಿಗೆ ಇನ್ನೊಂದು ಸಾಲನ್ನು ಸೇರಿಸಲಿ: ಟೆಂಡರಿನಲ್ಲಿಯೇ ಒಂದು ಪರೀಕ್ಷೆಯನ್ನು ವಿಧಿಸಿರಿ. ಕನ್ನಡವನ್ನು ಆರಿಸಿ, ಐದನೆಯ ಪುಟಕ್ಕೆ ಹೋಗಿ, ಪುಟವನ್ನು ಮತ್ತೆ ತೆರೆದಾಗ ಕನ್ನಡವೂ ತುಂಬಿದ ವಿವರಗಳೂ ಹಾಗೆಯೇ ಇರಬೇಕು. ಇಲ್ಲದಿದ್ದರೆ ಬಿಲ್ಲು ಪಾಸಾಗಕೂಡದು.