ಅನುಮಾನಕ್ಕೆ ತರ್ಕ ಬೇಡ್ವೇನ್ರೀ?

ಹಳೇ ಕೊಲೆ ಸಿನಿಮಾಗಳ ಮೇಲೆ ಒಂದು ಮಾಮೂಲಿ ಆರೋಪ ಇದೆ. ಹಾದರ, ಅನುಮಾನ, ಪಿಸ್ತೂಲು ತೋರ್ಸಿ ತೋರ್ಸಿ ಜನರ ತಲೆ ಕೆಡಿಸಿದ್ದೇ ಅವು ಅಂತ. ಎಲ್ಲಾದರೂ ಗಂಡ ಹೆಂಡ್ತೀನ ಕೊಂದ ಸುದ್ದಿ ಬಂದ್ರೆ ಸಾಕು, ಟೀ ಅಂಗಡಿ ಮುಂದೆ ಒಬ್ಬರಾದರೂ "ಎಲ್ಲಾ ಪಿಚ್ಚರ್ ನೋಡಿ ಕಲಿತದ್ದು" ಅಂತಾರೆ. ನಾನು ಒಪ್ಪಲ್ಲ. ಆ ಪಿಚ್ಚರ್‌ಗಳಿಂದ ನಾವು ಏನೂ ಕಲಿಯಲಿಲ್ಲ ಅನ್ನೋದೇ ನನ್ನ ತಕರಾರು.

'ತರ್ಕ' ತಗೊಳ್ಳಿ. 1989ರದ್ದು, ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿದ ಮೊದಲ ಸಿನಿಮಾ. ಶಂಕರ್ ನಾಗ್, ವನಿತಾ ವಾಸು, ದೇವರಾಜ್. ಒಂದೇ ಒಂದು ಹಾಡಿಲ್ಲ, ಆದರೂ ಜನ ಅಲುಗಾಡದೆ ಕೂತು ನೋಡಿದರು. ಅದರ ಬೇರು ಇರೋದು 1958ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ಅಗಾಥಾ ಕ್ರಿಸ್ಟಿಯ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' ನಾಟಕದಲ್ಲಿ. ಮಂಜು ಕವಿದ ರಾತ್ರಿ ಅಪರಿಚಿತನೊಬ್ಬ ಮನೆಯೊಳಗೆ ಬರ್ತಾನೆ. ಕುರ್ಚಿಯಲ್ಲಿ ಗಂಡ ಸತ್ತು ಬಿದ್ದಿದ್ದಾನೆ, ಹೆಂಡ್ತಿ ಕೈಯಲ್ಲಿ ಪಿಸ್ತೂಲು. ಅವಳಿಗೊಬ್ಬ ಪ್ರಿಯಕರನೂ ಇದ್ದಾನೆ. ನಮ್ಮ ಲೆಕ್ಕದಲ್ಲಿ ಕೇಸು ಅಲ್ಲಿಗೆ ಮುಗೀತು, ಅಲ್ವಾ? ನಾಟಕ ಶುರುವಾಗೋದೇ ಅಲ್ಲಿಂದ. ಇವನೇ ಮಾಡಿರಬೇಕು ಅಂತ ಅವಳು, ಅವಳೇ ಮಾಡಿರಬೇಕು ಅಂತ ಇವನು. ನಡುವೆ ಅಲ್ಲೇ ಇಲ್ಲದ ಹೊರಗಿನವನೊಬ್ಬನ ತಲೆಗೆ ಅಪರಾಧ ಕಟ್ಟುವ ಏರ್ಪಾಡು. ಕೊನೆ ಹೇಳಿ ನಿಮ್ಮ ಮಜಾ ಕೆಡಿಸಲ್ಲ. ಆದರೆ ಕಣ್ಣಿಗೆ ಮೊದಲು ಬಿದ್ದದ್ದು ಸತ್ಯ ಅಲ್ಲ ಅನ್ನೋ ಒಂದು ಮಾತನ್ನ ಎರಡು ಗಂಟೆ ಕೂರಿಸಿಕೊಂಡು ಹೇಳಿಕೊಡೋ ಕಥೆ ಅದು.

ಈಗ ನಮ್ಮ ಪೇಪರ್ ತೆಗೀರಿ, ವಾಟ್ಸಾಪ್ ಗ್ರೂಪ್ ತೆಗೀರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಒಂದೇ ಉಪವಿಭಾಗ. ಪಾವಗಡದಲ್ಲಿ ಬೆಳಿಗ್ಗೆ ಆದ ಸಾವು ಮಧ್ಯಾಹ್ನದ ಹೊತ್ತಿಗೆ ಶಿರಾ ಬಸ್‌ಸ್ಟ್ಯಾಂಡಿನಲ್ಲಿ 'ಅನೈತಿಕ ಸಂಬಂಧದ ಕೊಲೆ' ಆಗಿರುತ್ತೆ. ಪೋಸ್ಟ್‌ಮಾರ್ಟಂ ಆಗಿರಲ್ಲ. ಕಾರಣ ಮಾತ್ರ ರೆಡಿ.

ತರ್ಕಶಾಸ್ತ್ರದಲ್ಲಿ 'ಅನುಮಾನ' ಅಂದ್ರೆ ಕಂಡದ್ದರಿಂದ ಕಾಣದ್ದನ್ನು ಕ್ರಮವಾಗಿ ತಿಳಿಯೋದು. ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಆದರೆ ಅದು ಹೊಗೆಯೋ ಮಂಜೋ ಅಂತ ಮೊದಲು ನೋಡಬೇಕು. ನಮ್ಮ ಆಡುಮಾತಿನಲ್ಲಿ ಅದೇ ಪದ ಸಂಶಯ ಆಯ್ತು. "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂತ ಒಂದು ಮಾತು ಎಸೆದು ಎದ್ದು ಹೋಗ್ತೀವಿ.

ಆ ಮಾತಿನ ಬೆಲೆ ಎಷ್ಟು ಗೊತ್ತಾ? ಕೊಡಗಿನ ಕುಶಾಲನಗರದ ಕಡೆ ಹೋಗಿ. 2020ರಲ್ಲಿ ಒಬ್ಬ ಬಡವನ ಹೆಂಡ್ತಿ ಕಾಣೆಯಾದಳು. ಕಾಣೆ ಅಂತ ದೂರು ಕೊಟ್ಟವನೇ ಅವನು. ಮುಂದೆ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ಸರಹದ್ದಿನಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ತು. ಹೆಂಡ್ತಿಗೆ ಬೇರೆ ಸಂಬಂಧ ಇತ್ತು, ಅದಕ್ಕೇ ಕೊಂದ ಅಂತ ಕಥೆ ಕಟ್ಟಿ ಗಂಡನ್ನ ಜೈಲಿಗೆ ಹಾಕಿದರು. ಡಿಎನ್‌ಎ ವರದಿ ಕೈಗೆ ಬರುವ ಮೊದಲೇ ದೋಷಾರೋಪ ಪಟ್ಟಿ ಹೋಯ್ತು. ಆಮೇಲೆ ಬಂದ ವರದಿ, ಮೂಳೆ ಅವಳದ್ದಲ್ಲ ಅಂತು. ಆದರೂ ಕೇಸು ನಿಲ್ಲಲಿಲ್ಲ. ಆತ ಸುಮಾರು ಒಂದೂವರೆ ವರ್ಷ ಒಳಗಿದ್ದ. 2025ರ ಏಪ್ರಿಲ್ 1ರಂದು 'ಸತ್ತ' ಹೆಂಡ್ತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಇನ್ನೊಬ್ಬನ ಜೊತೆ ಊಟಕ್ಕೆ ಕೂತಿದ್ದಳು! ನೋಡಿದ್ದು ಪೊಲೀಸರಲ್ಲ, ಗಂಡನ ಸ್ನೇಹಿತರು. ಅದೇ ತಿಂಗಳು ಮೈಸೂರಿನ ಸೆಷನ್ಸ್ ಕೋರ್ಟು ಅವನನ್ನ ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು.

ಸಂಬಂಧ ಇದ್ದದ್ದು ನಿಜವೇ ಆಗಿತ್ತಲ್ಲ ಅಂತೀರಾ? ಆಗಿತ್ತು. ಹೊಗೆ ಇತ್ತು, ಬೆಂಕಿ ಇರಲಿಲ್ಲ. ಸಂಬಂಧ ಇದ್ದ ಮಾತ್ರಕ್ಕೆ ಕೊಲೆ ಆಗಿಬಿಡಲ್ಲ. ಇನ್ನೊಂದು ಮಾತು. ಆ ಮೂಳೆ ಯಾರದ್ದು? ಯಾವಳೋ ಒಬ್ಬ ತಾಯಿಯ ಮಗಳು ಅಲ್ಲಿ ಬಿದ್ದಿದ್ದಳು. ತಪ್ಪು ಹೆಸರು ಅಂಟಿಸಿದ ದಿನವೇ ಅವಳನ್ನ ಹುಡುಕುವ ಕೆಲಸ ನಿಂತುಹೋಯ್ತು.

"ಹಂಗಾದ್ರೆ ಗಂಡಂದಿರು ಕೊಲ್ಲೋದೇ ಇಲ್ವಾ?" ಕೊಲ್ತಾರೆ. ಆಗಲೂ ಈ ಪದ ಕೊಲೆಗಾರನ ಪರವೇ ವಕಾಲತ್ತು ವಹಿಸುತ್ತೆ. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಪ್ರಿಯಕರನಿಗೆ ಗುಂಡು ಹೊಡೆದ. ಜ್ಯೂರಿ 8–1ರಲ್ಲಿ ನಿರ್ದೋಷಿ ಅಂದುಬಿಡ್ತು. ಹೈಕೋರ್ಟ್ ಅದನ್ನ ತಳ್ಳಿಹಾಕಿ ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 1964ರಲ್ಲಿ ಕ್ಷಮಾದಾನವೂ ಸಿಕ್ತು. ಅವನು ಸಮವಸ್ತ್ರದ ದೊಡ್ಡ ಮನುಷ್ಯ, ಜನರ ಕಣ್ಣಿಗೆ ಹೀರೋ. ಕುಶಾಲನಗರದವನು ಕೂಲಿ ಮನುಷ್ಯ, ಮಾಡದ ಕೊಲೆಗೆ ಕಂಬಿ ಎಣಿಸಿದ. ಇಬ್ಬರ ಕಥೆಗೂ ಒಂದೇ ತಲೆಬರಹ. ಮಾಡಿದವನಿಗೆ ಅದು ನೆಪ, ಮಾಡದವನಿಗೆ ಉರುಳು. ಸತ್ತ ಹೆಣ್ಣಿಗಂತೂ ಬಾಯಿಯೇ ಇಲ್ಲ, ಅವಳ ಮಕ್ಕಳು ಆ ತಲೆಬರಹ ಹೊತ್ತುಕೊಂಡು ಅದೇ ಊರಿನ ಸ್ಕೂಲಿಗೆ ಹೋಗಬೇಕು.

ಕಾನೂನು ಹೇಳೋದನ್ನೂ ಕೇಳಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಅಂತ 1872ರ ಕಾಯ್ದೆಯಲ್ಲೇ ಇತ್ತು, ಹೊಸ ಕಾಯ್ದೆಯಲ್ಲೂ ಇದೆ. ಅನುಮಾನ ಎಷ್ಟೇ ಬಲವಾಗಿರಲಿ ರುಜುವಾತಿನ ಜಾಗಕ್ಕೆ ಬರಲ್ಲ ಅಂತ 1984ರ ಶರದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾದರವನ್ನ ಅಪರಾಧ ಮಾಡಿದ್ದ 497ನೇ ಸೆಕ್ಷನ್ 2018ರಲ್ಲೇ ಬಿದ್ದುಹೋಯ್ತು. ಆದರೂ ಪೇಪರಿನವರು 'ತಪ್ಪೊಪ್ಪಿಕೊಂಡಿದ್ದಾನೆ' ಅಂತ ಬರೀತಾರೆ, ನಾವು ಫೋಟೋ ಸಮೇತ ಫಾರ್ವರ್ಡ್ ಮಾಡ್ತೀವಿ.

ನಾಳೆ ನಮ್ಮ ನಾಲ್ಕು ತಾಲೂಕಿನ ಯಾವುದೋ ಊರಿಂದ ಒಬ್ಬಳು ಗಾರ್ಮೆಂಟ್ಸ್ ಕೆಲಸಕ್ಕೆ ಅಂತ ಬೆಂಗಳೂರು ಬಸ್ ಹತ್ತಿ ವಾಪಸ್ ಬರಲಿಲ್ಲ ಅಂತಿಟ್ಕೊಳ್ಳಿ. ಕೆರೆ ಅಂಗಳದಲ್ಲಿ ಯಾರದೋ ಮೂಳೆ ಸಿಕ್ತು ಅಂತಿಟ್ಕೊಳ್ಳಿ. ಅವಳ ಗಂಡನಿಗೆ ವಕೀಲರನ್ನ ಹಿಡಿಯೋಕೆ ದುಡ್ಡಿರಲ್ಲ. ಮಧುಗಿರಿ ಕೋರ್ಟಿಗೆ ಅವನು ಬರೋ ಹೊತ್ತಿಗೆ ನಮ್ಮ ಗ್ರೂಪಿನಲ್ಲಿ ಅವನಿಗೆ ಶಿಕ್ಷೆ ಆಗಿ ಎಷ್ಟೋ ದಿನ ಆಗಿರುತ್ತೆ.

ಹಳೇ ಸಿನಿಮಾನ ಬೈಯೋದು ಬಿಡಿ. ಪೇಪರಿನವರೇ, ತೀರ್ಪು ಬರೋತನಕ ತಲೆಬರಹದಲ್ಲಿ 'ಅನೈತಿಕ ಸಂಬಂಧ' ಬರೀಬೇಡಿ. ಗ್ರೂಪ್ ಅಡ್ಮಿನ್‌ಗಳೇ, ಕೋಳ ಹಾಕಿದ ಫೋಟೋ ಬಂದ್ರೆ ಅಳಿಸಿ. ಇನ್ನು ಸ್ಟೇಷನ್ನಿನ ಸಾಹೇಬ್ರೇ, ಡಿಎನ್‌ಎ ವರದಿ ಬರೋತನಕ ಕಾಯ್ರಿ.